ಹಸಿದ ಹೊಲ, ಅಜೀರ್ಣದ ಕೆರೆ

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಬಿ.ಎ. ವಿದ್ಯಾರ್ಥಿಯೊಬ್ಬನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಊಟದ ವಿಚಾರವಾಗಿ ಬರೆಯಹೊರಟರೆ, "ಇವನಿಗೇಕೆ ಈ ಉಸಾಬರಿ?" ಎಂದು ಮಿತ್ರರು ನಗಬಹುದು. ನಗಲಿ. ಈ ವಿಷಯ ನನ್ನನ್ನು ಹುಡುಕಿಕೊಂಡು ಬಂದದ್ದು ತರಗತಿಯ ಕೊಠಡಿಗಲ್ಲ, ನಮ್ಮ ಹೊಲಕ್ಕೆ. ಬಂದದ್ದೂ ಸುಮ್ಮನೆ ಬರಲಿಲ್ಲ. ಒಂದು ಎಕರೆ ರಾಗಿ ಪೈರನ್ನು ಹಳದಿ ಮಾಡಿ, ನನ್ನ ಓದಿನ ಗರ್ವವನ್ನು ಇಳಿಸಿ ಬಂದಿತು.

ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಸಣ್ಣ ಹಳ್ಳಿ ನಮ್ಮದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರಿಗೆ ರುಜು ಹಾಕುವಷ್ಟು ಅಕ್ಷರ ಗೊತ್ತು. ತಾಯಿಗೆ ಅದೂ ಇಲ್ಲ. ಇಂತಹ ಮನೆಯಲ್ಲಿ ಓದುವ ಮಗನ ಮಾತಿಗೆ ಎಷ್ಟು ತೂಕವಿರುತ್ತದೆಂಬುದನ್ನು ನನ್ನಂತಹ ಅನೇಕ ಸಹಪಾಠಿಗಳು ಬಲ್ಲರು. ಆ ತೂಕ ನಾವು ಗಳಿಸಿದ್ದಲ್ಲ. ಹೆತ್ತವರು ಸಾಲವಾಗಿ ಕೊಟ್ಟದ್ದು.

ಮೊದಲನೆಯ ವರ್ಷದ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಕೂಳೆ ಕಬ್ಬು ಕಡಿದು ಮುಗಿದಿತ್ತು. ಹೊಲದ ತುಂಬ ಒಣ ತರಗು ಮೊಣಕಾಲೆತ್ತರ ಬಿದ್ದಿತ್ತು. ಪ್ರತಿ ವರ್ಷದಂತೆ ತಂದೆಯವರು ಬೆಂಕಿ ಪೊಟ್ಟಣ ಹಿಡಿದು ಹೊರಟಿದ್ದರು. ನಾನು ಅಡ್ಡ ನಿಂತೆ. ತರಗನ್ನು ಸುಟ್ಟರೆ ಅದರಲ್ಲಿರುವ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮಣ್ಣಿಗೆ ಸೇರಬೇಕಾದ ಇಂಗಾಲ ಗಾಳಿಗೆ ಸೇರುತ್ತದೆ, ಉಳುಮೆ ಮಾಡಿ ಮಣ್ಣಿನಲ್ಲಿ ಸೇರಿಸಿದರೆ ಅದೇ ಗೊಬ್ಬರವಾಗುತ್ತದೆ ಎಂದು ನಮ್ಮ ಗ್ರಂಥಾಲಯದಲ್ಲಿ ಓದಿದ್ದನ್ನು ಒಂದು ಉಪನ್ಯಾಸವಾಗಿಯೇ ಒಪ್ಪಿಸಿದೆ. ತಂದೆಯವರಿಗೆ ತಮ್ಮದೇ ಕಾರಣಗಳಿದ್ದುವು: ಬೆಂಕಿಗೆ ಕೂಲಿ ಕೊಡಬೇಕಾಗಿಲ್ಲ; ಇಲಿ ಹುಳುಗಳ ಕಾಟ ತಪ್ಪುತ್ತದೆ; ಒಂದೇ ಸಂಜೆಯಲ್ಲಿ ಹೊಲ ಚೊಕ್ಕಟವಾಗುತ್ತದೆ. ಆದರೂ "ಓದಿದ ಹುಡುಗ ಹೇಳ್ತಾನೆ" ಎಂದು ಬೆಂಕಿ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. ಬಾಡಿಗೆ ಟ್ರ್ಯಾಕ್ಟರಿನಿಂದ ಕೂಳೆ ಕೀಳಿಸಿ, ಒಂದು ಎಕರೆಯ ತರಗನ್ನೆಲ್ಲ ಮಣ್ಣಿಗೆ ಸೇರಿಸಿ, ಜುಲೈ ತಿಂಗಳಲ್ಲಿ ರಾಗಿ ನಾಟಿ ಮಾಡಿದೆವು.

ಮೂರು ವಾರ ಕಳೆಯುವುದರೊಳಗೆ ಪೈರು ಹಳದಿಯಾಯಿತು. ಕೆಳಗಿನ ಎಲೆಗಳು ಮೊದಲು, ಆಮೇಲೆ ಮೇಲಿನವು. ಬದುವಿನಾಚೆ, ತರಗನ್ನು ಸುಟ್ಟ ಪಕ್ಕದವರ ಹೊಲದಲ್ಲಿ ರಾಗಿ ಹಸಿರಾಗಿ ನಗುತ್ತಿತ್ತು. ತಂದೆಯವರು ಬಯ್ಯಲಿಲ್ಲ. ಬದುವಿನ ಮೇಲೆ ಕುಳಿತು, "ಏನ್ಲಾ, ನಿನ್ನ ಪುಸ್ತಕದಲ್ಲಿ ಇದನ್ನೂ ಬರೆದಿದ್ರಾ?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು.

ಉತ್ತರ ದೊರೆತದ್ದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಅಲ್ಲಿನ ಅಧಿಕಾರಿಯೊಬ್ಬರು ನಾನು ತಂದ ಹಳದಿ ಎಲೆಯನ್ನು ನೋಡಿ, "ನಿಮ್ಮ ಪೈರಿನ ಊಟವನ್ನು ಬೇರೆ ಯಾರೋ ಉಂಡಿದ್ದಾರೆ" ಎಂದರು. ಉಂಡವರು ಮಣ್ಣಿನ ಸೂಕ್ಷ್ಮಜೀವಿಗಳು. ಅವರು ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಅದು ಕಠಿನವಲ್ಲ.

ನೂರು ಕಿಲೋಗ್ರಾಂ ಒಣ ತರಗಿನಲ್ಲಿ ಇಂಗಾಲ ಸುಮಾರು 40 ಕಿಲೋಗ್ರಾಂ, ಸಾರಜನಕ ಅರ್ಧ ಕಿಲೋಗ್ರಾಮಿಗೂ ಕಡಿಮೆ. 400 ಗ್ರಾಂ ಎನ್ನೋಣ. ತರಗನ್ನು ಕೊಳೆಸುವ ಜೀವಿಗಳು ಈ ಇಂಗಾಲದಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಉಸಿರಾಗಿ ಹೊರಬಿಡುತ್ತವೆ. ಒಂದು ಪಾಲನ್ನು, ಎಂದರೆ ಸುಮಾರು 13 ಕಿಲೋಗ್ರಾಮನ್ನು, ತಮ್ಮ ಮೈಯಾಗಿ ಮಾಡಿಕೊಳ್ಳುತ್ತವೆ. ಆದರೆ ಇಂಗಾಲವೊಂದರಿಂದಲೇ ಮೈ ಕಟ್ಟಲಾಗದು. ಹತ್ತು ಪಾಲು ಇಂಗಾಲಕ್ಕೆ ಹೆಚ್ಚುಕಡಿಮೆ ಒಂದು ಪಾಲು ಸಾರಜನಕ ಬೇಕೇ ಬೇಕು. ಹಾಗಾದರೆ ಬೇಕಾದದ್ದು 1,300 ಗ್ರಾಂ. ತರಗಿನಲ್ಲಿರುವುದು 400 ಗ್ರಾಂ. ಉಳಿದ 900 ಗ್ರಾಂ ಎಲ್ಲಿಂದ ಬರಬೇಕು? ಸುತ್ತಲಿನ ಮಣ್ಣಿನಿಂದ. ಬೇರಿಗಿಂತ ಸಾವಿರ ಪಾಲು ಸಣ್ಣವೂ ಸಾವಿರ ಪಾಲು ಚುರುಕಾದವೂ ಆದ ಈ ಜೀವಿಗಳು ಪೈರಿನ ಬಾಯಿಗೆ ಸಿಗುವ ಮೊದಲೇ ಅದನ್ನು ಕಬಳಿಸಿದುವು. ನಾನು ನೆಲಕ್ಕೆ ಉಣಬಡಿಸಿದೆನೆಂದು ತಿಳಿದಿದ್ದೆ. ನಿಜವಾಗಿ ಅನ್ನವನ್ನು ರಾಶಿ ಹಾಕಿ, ಸಾರು ಬಡಿಸಲು ಮರೆತಿದ್ದೆ.

ಮಿತ್ರರೇ, ಈ ಒಂದು ಎಕರೆಯ ಕಥೆಯಲ್ಲಿ ಅಡಗಿರುವ ನಿಯಮ ಬಹು ದೊಡ್ಡದು. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಅದನ್ನು ಬರೆದನು. 1840ರಲ್ಲಿ ಕೃಷಿ ರಸಾಯನವನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದ ಯೂಸ್ಟಸ್ ಲೀಬಿಗ್‌ನು ಅದನ್ನು ಲೋಕಪ್ರಸಿದ್ಧಗೊಳಿಸಿದನು. ಬೆಳವಣಿಗೆಯನ್ನು ಆಳುವುದು ಹೇರಳವಾಗಿರುವ ವಸ್ತುವಲ್ಲ, ಬೇಕಾದಷ್ಟಕ್ಕಿಂತ ಅತ್ಯಂತ ಕಡಿಮೆಯಾಗಿರುವ ವಸ್ತು ಎಂಬುದೇ ಆ 'ಕನಿಷ್ಠ ನಿಯಮ'. ಮದುವೆ ಮನೆಯಲ್ಲಿ ಅಕ್ಕಿ ಹತ್ತು ಮೂಟೆ ಇದ್ದರೂ ಸೌದೆ ಒಂದೇ ಹೊರೆ ಇದ್ದರೆ ಎಷ್ಟು ಜನ ಉಣ್ಣಬಹುದೆಂದು ತೀರ್ಮಾನಿಸುವುದು ಸೌದೆ. ಆಗ ಇನ್ನೆರಡು ಮೂಟೆ ಅಕ್ಕಿ ತಂದುಕೊಡುವ ನೆಂಟನಿಂದ ಪ್ರಯೋಜನವೇನು? ನಾನು ನಮ್ಮ ಹೊಲಕ್ಕೆ ಅಂತಹ ನೆಂಟನಾಗಿದ್ದೆ.

ಈ ಕೊರತೆಯೆಂಬ ಕಡಿವಾಣವಿಲ್ಲದಿದ್ದರೆ ಏನಾದೀತು? ಒಳ್ಳೆಯ ಆಹಾರ ಮತ್ತು ತಕ್ಕ ಶಾಖ ದೊರೆತರೆ ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಸೂಕ್ಷ್ಮಜೀವಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅದರ ತೂಕ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು. ಒಂದೇ ಒಂದು ಜೀವಿ ಹೀಗೆ ಎಡೆಬಿಡದೆ ಇಬ್ಬಗೆಯಾಗುತ್ತ ಹೋದರೆ 24 ಗಂಟೆಗಳಲ್ಲಿ 72 ಸಲ ಇಮ್ಮಡಿಯಾಗಿ, ಅದರ ಸಂತಾನದ ತೂಕ ನಾಲ್ಕು ಸಾವಿರ ಟನ್ನಿಗೂ ಮಿಕ್ಕುತ್ತದೆ. ಎರಡನೆಯ ದಿನ ಮುಗಿಯುವ ವೇಳೆಗೆ ಭೂಮಂಡಲವನ್ನೇ ಮೀರುತ್ತದೆ. ಹಾಗಾಗಿಲ್ಲ; ಏಕೆಂದರೆ ಊಟ ಮುಗಿಯುತ್ತದೆ. ಪ್ಯಾರಿಸ್ಸಿನಲ್ಲಿ ಜಾಕ್ ಮೊನೊ ಎಂಬ ವಿಜ್ಞಾನಿ 1942ರಲ್ಲಿ ಪ್ರಕಟಿಸಿದ ತನ್ನ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದನು. ಸಕ್ಕರೆಯನ್ನು ಅರ್ಧ ಮಾಡಿದರೆ ಬೆಳೆದ ಜೀವಿಗಳ ಒಟ್ಟು ತೂಕವೂ ಅರ್ಧವಾಗುತ್ತಿತ್ತು. ಸಕ್ಕರೆ ತೀರ ಕಡಿಮೆಯಿದ್ದಾಗ ಬೆಳೆಯುವ ವೇಗವೂ ಕುಗ್ಗುತ್ತಿತ್ತು. ಒಂದು ಮಿತಿಯಾಚೆಗೆ ಎಷ್ಟು ಸುರಿದರೂ ವೇಗ ಹೆಚ್ಚುತ್ತಿರಲಿಲ್ಲ. ಹಸಿವು ಸೃಷ್ಟಿಯ ಶಾಪವೆಂದು ನಾವು ಭಾವಿಸುತ್ತೇವೆ. ಈ ಕಿರುಜೀವಿಗಳ ಮಟ್ಟಿಗಾದರೂ ಅದು ಲೋಕವನ್ನು ಕಾಯುವ ಕಾವಲುಗಾರ.

ಇನ್ನು ನಮ್ಮ ಹಿರಿಯರ ಮಾತಿಗೆ ಬರೋಣ. ನನ್ನ ಅಜ್ಜ ದನದ ಕೊಟ್ಟಿಗೆಯಲ್ಲಿ ಪ್ರತಿ ಸಂಜೆ ಒಣಹುಲ್ಲು ಹಾಸುತ್ತಿದ್ದರಂತೆ. ಮರುದಿನ ಬೆಳಿಗ್ಗೆ ಗಂಜಲದಲ್ಲಿ ನೆನೆದ ಆ ಹುಲ್ಲನ್ನು ಸಗಣಿಯೊಡನೆ ತಿಪ್ಪೆಗೆ ಸೇರಿಸುತ್ತಿದ್ದರಂತೆ. ಲೀಬಿಗ್‌ನ ಹೆಸರು ಕೇಳದ ಆ ಮುದುಕರು ಇಂಗಾಲ ಹೆಚ್ಚಿರುವ ಹುಲ್ಲಿಗೆ ಸಾರಜನಕ ಹೆಚ್ಚಿರುವ ಗಂಜಲವನ್ನು ಕೂಡಿಸುತ್ತಿದ್ದರು. ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ ಎಂಬತ್ತರಷ್ಟು ಇಂಗಾಲವಿರಬಹುದು. ಸಗಣಿಯಲ್ಲಿ 20ರಿಂದ 25. ಎರಡೂ ಬೆರೆತು 30ರ ಆಸುಪಾಸಿಗೆ ಬಂದಾಗ ಸೂಕ್ಷ್ಮಜೀವಿಗಳಿಗೆ ಸಮತೂಕದ ಊಟ. 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿದ ಆಲ್ಬರ್ಟ್ ಹೊವಾರ್ಡ್ ಎಂಬ ಆಂಗ್ಲ ವಿಜ್ಞಾನಿ, ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ, ಒಣ ಕಸ, ಸಗಣಿ, ಗಂಜಲ ನೆನೆದ ಮಣ್ಣು ಇವುಗಳನ್ನು ಪದರಪದರವಾಗಿ ಕೂಡಿಸಿ, ನೀರು ಹದಮಾಡಿ, ಗಾಳಿಯಾಡುವಂತೆ ಆಗಾಗ ಮಗುಚುವ 'ಇಂದೋರ್ ಪದ್ಧತಿ'ಯನ್ನು ರೂಪಿಸಿದರು. ರೈತನ ಕೊಟ್ಟಿಗೆಯ ಆಚಾರವೇ ಅಲ್ಲಿ ವಿಜ್ಞಾನದ ಅಳತೆಗೆ ಬಂದಿತು.

ಹಾಗೆಂದು ಹಳೆಯದೆಲ್ಲವೂ ಹೊನ್ನು ಎಂದು ಹೇಳಲಾರೆ. ನಮ್ಮೂರಿನ ತಿಪ್ಪೆಗಳು ಬಿಸಿಲಿಗೂ ಮಳೆಗೂ ಬಾಯ್ತೆರೆದು ಬಿದ್ದಿರುತ್ತವೆ. ಮೂಗಿಗೆ ಬಡಿಯುವ ಆ ಘಾಟು ಮತ್ತೇನೂ ಅಲ್ಲ, ಅಮೋನಿಯ ಅನಿಲವಾಗಿ ಹಾರಿಹೋಗುತ್ತಿರುವ ಸಾರಜನಕ. ಮಳೆ ಬಂದರೆ ಉಳಿದದ್ದು ಚರಂಡಿಗೆ. ಎಲ್ಲಕ್ಕಿಂತ ಮಿಗಿಲಾಗಿ, ಅಜ್ಜನ ಕಾಲದ ದನಗಳು ಇಂದು ಎಲ್ಲಿವೆ? ಉಳುಮೆಗೆ ಟ್ರ್ಯಾಕ್ಟರು ಬಂದಿತು, ಎತ್ತು ಹೋಯಿತು, ಎತ್ತಿನೊಡನೆ ಗಂಜಲವೂ ಹೋಯಿತು. ಕಬ್ಬಿನ ತರಗು ಮಾತ್ರ ಉಳಿಯಿತು. ತರಗು ಕಸವಾಗಿ ಕಂಡದ್ದೇ ಅದರ ಜೊತೆಗಾರನು ಕಾಣೆಯಾದ ಮೇಲೆ. ಆದುದರಿಂದ "ತರಗನ್ನು ಸುಡಬೇಡಿ" ಎಂದು ರೈತನಿಗೆ ಬೋಧಿಸಿ ಕೈತೊಳೆದುಕೊಳ್ಳುವುದು ಅರ್ಧ ಮಾತು. ಅರ್ಧ ಮಾತಿನ ಬೆಲೆಯನ್ನು ನಮ್ಮ ಮನೆ ಐದು ಮೂಟೆ ರಾಗಿಯಲ್ಲಿ ಕಟ್ಟಿದೆ. "ಸುಡಬೇಡಿ, ಅದಕ್ಕೆ ಸಾರಜನಕವನ್ನು ಕೂಡಿಸಿ, ಕೊಳೆಯಲು ಕಾಲ ಕೊಡಿ" ಎಂಬುದು ಪೂರ್ಣ ಮಾತು. ಸಗಣಿ ಇಲ್ಲದವರಿಗೆ ಬದುವಿನ ಗೊಬ್ಬರದ ಗಿಡದ ಹಸಿರು ಸೊಪ್ಪಿದೆ; ಅದೂ ಸಾಲದಿದ್ದರೆ ಒಂದಿಷ್ಟು ಯೂರಿಯವನ್ನು ಪೈರಿಗೆ ಬದಲು ತರಗಿನ ರಾಶಿಗೇ ಕೊಡಬಹುದು.

ಹೊಲದ ಹಸಿವಿನ ಕಥೆ ಇಷ್ಟಾಯಿತು. ಇದೇ ನಿಯಮದ ಇನ್ನೊಂದು ಮುಖವನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮ ಕಾಲೇಜಿನ ಹಿಂದಿನ ಕೆರೆಯ ಏರಿಯ ಮೇಲೆ ಐದು ನಿಮಿಷ ನಿಂತರೆ ಸಾಕು. ಹೆಚ್ಚು ಹೊತ್ತು ನಿಲ್ಲಲು ಮೂಗು ಬಿಡುವುದಿಲ್ಲ. ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ, ಅದರಾಚೆ ಅಂತರಗಂಗೆ. ಕಳೆದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ದಡದುದ್ದಕ್ಕೂ ಸತ್ತ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದುದನ್ನು ವಿದ್ಯಾರ್ಥಿನಿಲಯದ ನಾವೆಲ್ಲರೂ ನೋಡಿದೆವು. ಯಾರೋ ವಿಷ ಹಾಕಿದರೆಂದು ಕೆಲವರು ಹೇಳಿದರು. ವಿಷ ಬೇಕಾಗಿರಲಿಲ್ಲ, ಊಟವೇ ಸಾಕಾಗಿತ್ತು.

ಹೊಲದಲ್ಲಿ ಸಾರಜನಕ ಯಜಮಾನನಾದರೆ ಸಿಹಿನೀರಿನ ಕೆರೆಗಳಲ್ಲಿ ಸಾಮಾನ್ಯವಾಗಿ ರಂಜಕವೇ ಯಜಮಾನ. ಕಾರಣ ಸರಳ. ಪಾಚಿಗೆ ಬೇಕಾದ ಇಂಗಾಲ ಗಾಳಿಯಿಂದ ಬರುತ್ತದೆ. ಸಾರಜನಕ ಕಡಿಮೆಯಾದರೆ ಅದನ್ನೂ ಗಾಳಿಯಿಂದಲೇ ಹಿಡಿದುಕೊಳ್ಳಬಲ್ಲ ನೀಲಿಹಸಿರು ಜಾತಿಗಳಿವೆ. ರಂಜಕ ಮಾತ್ರ ಗಾಳಿಯಲ್ಲಿಲ್ಲ. ಅದು ಮಣ್ಣಿನಿಂದಲೋ ಚರಂಡಿಯಿಂದಲೋ ಹರಿದೇ ಬರಬೇಕು. ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ 1973ರಲ್ಲಿ ಡೇವಿಡ್ ಷಿಂಡ್ಲರ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಒಂದು ಸರೋವರದ ನಡುವೆ ಪರದೆಯನ್ನು ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಮಾತ್ರ ಹಾಕಿದರು; ಇನ್ನೊಂದಕ್ಕೆ ಅವೆರಡರೊಡನೆ ರಂಜಕವನ್ನೂ ಹಾಕಿದರು. ಮೊದಲನೆಯದು ತಿಳಿಯಾಗಿಯೇ ಉಳಿಯಿತು. ಎರಡನೆಯದು ಹಸಿರು ಗಂಜಿಯಂತಾಯಿತು. ಮೇಲಿನಿಂದ ತೆಗೆದ ಆ ಸರೋವರದ ಛಾಯಾಚಿತ್ರವನ್ನು ನೋಡಿದವರಿಗೆ ಬೇರೆ ವಾದ ಬೇಕಾಗುವುದಿಲ್ಲ. ಒಂದು ಕಿಲೋಗ್ರಾಂ ರಂಜಕ ಒಣತೂಕದ ಸುಮಾರು ನೂರು ಕಿಲೋಗ್ರಾಂ ಪಾಚಿಯನ್ನು ಬೆಳೆಸಬಲ್ಲದು. ಆ ಪಾಚಿ ಸತ್ತು ತಳಕ್ಕಿಳಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹಬ್ಬ. ಹಬ್ಬದ ಭರದಲ್ಲಿ ಅವು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಮೀನು ಸಾಯುವುದು ಉಸಿರುಕಟ್ಟಿ.

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದಾಗ ದೇಶವೇ ಬೆರಗಾಯಿತು. ಕೊಳಚೆ ನೀರು, ಸೋಪಿನ ನೀರು, ಕೊಳೆತ ಸಸ್ಯರಾಶಿ ಇವೆಲ್ಲ ಒಂದಾಗಿ ಕೆರೆ ಹೇಗಾಗಬಹುದೆಂಬುದಕ್ಕೆ ಅದೊಂದು ಎಚ್ಚರಿಕೆ. ನಮ್ಮ ಕೆರೆಗೆ ಬೆಂಕಿ ಹತ್ತಲಿಲ್ಲವೆಂದು ನಾವು ನೆಮ್ಮದಿಯಾಗಿರುವುದು ತರವೇ?

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬಂದೆ. ಹೊಲದ ಹಸಿವು, ಕೆರೆಯ ಅಜೀರ್ಣ ಇವು ಎರಡು ರೋಗಗಳಲ್ಲ. ಒಂದೇ ರೋಗದ ಎರಡು ತುದಿಗಳು. ರಾಗಿ, ಭತ್ತ, ತರಕಾರಿಗಳೊಡನೆ ನಮ್ಮ ಹೊಲದ ಸಾರಜನಕವೂ ರಂಜಕವೂ ಗಾಡಿಯೇರಿ ಪಟ್ಟಣಕ್ಕೆ ಹೋಗುತ್ತವೆ, ಪಟ್ಟಣದವರು ಉಣ್ಣುತ್ತಾರೆ, ಉಂಡದ್ದು ಚರಂಡಿಯ ಮೂಲಕ ಕೆರೆಗೆ ಬೀಳುತ್ತದೆ. ಹೊಲಕ್ಕೆ ಮರಳಬೇಕಾದದ್ದು ಕೆರೆಯಲ್ಲಿ ಉಳಿಯಿತು. ಅತ್ತ ರೈತನು ಖಾಲಿಯಾದ ಜಾಗಕ್ಕೆ ಗೊಬ್ಬರದ ಚೀಲವನ್ನು ಹಣ ಕೊಟ್ಟು ತರುತ್ತಾನೆ; ಇತ್ತ ಕೆರೆಯನ್ನು ಶುಚಿ ಮಾಡಲು ಪಟ್ಟಣವು ಹಣ ಸುರಿಯುತ್ತದೆ. ಒಂದೇ ವಸ್ತುವಿಗೆ ಎರಡು ಸಲ ದಂಡ! ಅರ್ಥಶಾಸ್ತ್ರದ ಯಾವ ಪುಟದಲ್ಲಿ ಇದಕ್ಕೆ ಸಮರ್ಥನೆಯಿದೆ?

ಇದನ್ನು ಕಂಡವರು ಹಿಂದೆಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1939ರ ಸುಮಾರಿಗೆ ಸಿ. ಎನ್. ಆಚಾರ್ಯರು ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಗಳಲ್ಲಿ ಪದರಪದರವಾಗಿ ಹಾಕಿ, ಮಣ್ಣು ಮುಚ್ಚಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. 'ಬೆಂಗಳೂರು ಪದ್ಧತಿ' ಎಂಬ ಹೆಸರಿನಿಂದ ಅದು ಕೃಷಿಗ್ರಂಥಗಳಲ್ಲಿ ಇಂದಿಗೂ ಇದೆ. ಇಂಗಾಲ ಹೆಚ್ಚಿದ ಕಸಕ್ಕೆ ಸಾರಜನಕ ಹೆಚ್ಚಿದ ಮಲವನ್ನು ಜೊತೆಗೂಡಿಸಿದ ಜಾಣ್ಮೆ ಅದು. ಅದನ್ನು ಇದ್ದಂತೆಯೇ ಇಂದು ಮಾಡಬೇಕೆಂದು ನಾನು ಹೇಳುವುದಿಲ್ಲ. ಮನುಷ್ಯರ ಕೈಯಲ್ಲಿ ಮಲ ಹೊರಿಸುವ ಹೀನ ಪದ್ಧತಿ ಯಾವ ನೆಪದಲ್ಲಿಯೂ ಹಿಂದಿರುಗಕೂಡದು. ಆದರೆ ಪಟ್ಟಣದ ಹೊಲಸು ಹಳ್ಳಿಯ ಹೊಲದ ಆಸ್ತಿ ಎಂಬ ಆ ವಿಚಾರ ಹಳೆಯದಾಗಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಬತ್ತಿದ ಕೆರೆಗಳಿಗೆ ಹರಿಸಲಾಗುತ್ತಿದೆ. ನೀರು ಬಂದಿತೆಂದು ಸಂತೋಷಪಡುವಾಗಲೇ, ಅದರೊಡನೆ ಎಷ್ಟು ರಂಜಕ ಬರುತ್ತಿದೆಯೆಂದು ಅಳೆಯುವ ಎಚ್ಚರವೂ ನಮಗಿರಬೇಕು. ಹೊಲಕ್ಕೆ ಊಟವಾದದ್ದೇ ಕೆರೆಗೆ ರೋಗವೆಂಬುದನ್ನು ಮರೆಯಲಾಗದು.

ಸರ್ಕಾರ ಮಾಡಲಿ, ಪುರಸಭೆ ಮಾಡಲಿ ಎಂದು ಲೇಖನ ಮುಗಿಸುವುದು ಸುಲಭ. ನಮ್ಮ ಅಂಗಳವನ್ನೇ ನೋಡೋಣ. ದಿನವೂ ಬೆಳಿಗ್ಗೆ ನಮ್ಮ ಕಾಲೇಜಿನ ಆವರಣದಲ್ಲಿ ಮಾವು ನೇರಳೆಗಳ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚುತ್ತಾರೆ. ಮೊದಲನೆಯ ಅವಧಿಯನ್ನು ನಾವು ಹೊಗೆಯಲ್ಲಿಯೇ ಕೇಳುತ್ತೇವೆ. ಅದೇ ಹೊತ್ತಿಗೆ ವಿದ್ಯಾರ್ಥಿನಿಲಯದ ಅಡಿಗೆಮನೆಯಿಂದ ಉಳಿದ ಅನ್ನ, ಬೇಳೆ, ತರಕಾರಿ ಸಿಪ್ಪೆ ಚರಂಡಿಗೆ ಬಿದ್ದು ಕೆರೆಯತ್ತ ಹೊರಡುತ್ತವೆ. ಎಲೆಗೆ ಬೇಕಾದದ್ದು ಅಡಿಗೆಮನೆಯಲ್ಲಿದೆ. ಅಡಿಗೆಮನೆಯ ಕಸಕ್ಕೆ ಬೇಕಾದದ್ದು ಎಲೆಯಲ್ಲಿದೆ. ಎರಡರ ನಡುವಣ ದೂರ ನೂರು ಹೆಜ್ಜೆ. ಆಟದ ಬಯಲಿನ ಮೂಲೆಯಲ್ಲಿ ಎರಡು ಗುಂಡಿಗಳನ್ನು ತೋಡಿ, ಎಲೆಯ ಒಂದು ಪದರ, ಅಡಿಗೆಮನೆಯ ಕಸದ ಒಂದು ಪದರ, ಮೇಲೊಂದಿಷ್ಟು ಮಣ್ಣು ಹಾಕಿ, ಹದವಾಗಿ ನೀರು ಚಿಮುಕಿಸಿದರೆ ಕೆಲವೇ ತಿಂಗಳಲ್ಲಿ ಗೊಬ್ಬರ ಸಿದ್ಧ. ಖರ್ಚು ಎರಡು ಗುದ್ದಲಿ. ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರೂ ಪೂಜ್ಯ ಪ್ರಾಂಶುಪಾಲರೂ ಮನಸ್ಸು ಮಾಡಿದರೆ ಮುಂದಿನ ಸಂಚಿಕೆಯ ವೇಳೆಗೆ ಇದು ಲೇಖನವಾಗಿ ಉಳಿಯದೆ ಗೊಬ್ಬರವಾಗಿರುತ್ತದೆ.

ಕೊನೆಗೆ ನಮ್ಮ ಎಕರೆಯ ಸಮಾಚಾರ ತಿಳಿಸಬೇಕಷ್ಟೆ. ಅಧಿಕಾರಿಯ ಸಲಹೆಯಂತೆ ಮೇಲುಗೊಬ್ಬರ ಕೊಟ್ಟುದರಿಂದ ಆ ರಾಗಿ ತಕ್ಕಮಟ್ಟಿಗೆ ಚೇತರಿಸಿಕೊಂಡಿತು, ಪೂರ್ಣ ಚೇತರಿಸಲಿಲ್ಲ. ಆದರೆ ಮರುವರ್ಷ ಅದೇ ಎಕರೆಯಲ್ಲಿ ಹಾಕಿದ ಪೈರು ಎಂದಿಗಿಂತಲೂ ಹಸಿರಾಗಿತ್ತು. ತರಗನ್ನು ಉಂಡು ಮುಗಿಸಿದ ಸೂಕ್ಷ್ಮಜೀವಿಗಳು ತಾವು ಸಾಯುತ್ತ, ಹಿಂದೆ ಕಸಿದುಕೊಂಡ ಸಾರಜನಕವನ್ನು ಮಣ್ಣಿಗೆ ಬಿಟ್ಟುಕೊಟ್ಟಿದ್ದುವು. ಅವು ಕಳ್ಳರಾಗಿರಲಿಲ್ಲ, ಸಾಲಗಾರರಾಗಿದ್ದುವು. ನಾನು ಕಾಯಲು ತಿಳಿಯದೆ ಗಾಬರಿಯಾಗಿದ್ದೆ. ಆ ವರ್ಷ ಇನ್ನೊಂದು ತುಂಡು ಭೂಮಿಯ ತರಗನ್ನು ನಾನೂ ತಂದೆಯವರೂ ಬದುವಿನ ಮೇಲೆ ರಾಶಿ ಮಾಡಿ, ಸಗಣಿಯ ಬಗ್ಗಡವನ್ನೂ ಗೊಬ್ಬರದ ಗಿಡದ ಸೊಪ್ಪನ್ನೂ ಪದರಪದರವಾಗಿ ಹಾಕಿದೆವು. ಮೂರನೆಯ ದಿನ ರಾಶಿಯೊಳಗೆ ಕೈಯಿಟ್ಟ ತಂದೆಯವರು ಥಟ್ಟನೆ ಹಿಂದೆಗೆದರು. ಬೆಂಕಿಯಿಲ್ಲದೆ ರಾಶಿ ಬಿಸಿಯಾಗಿತ್ತು.

"ಒಳಗೆ ಅಡಿಗೆ ನಡೀತಾ ಅದೆ" ಎಂದರು. ಈ ವರ್ಷ ಅವರು ನನ್ನನ್ನು ಕೇಳಲಿಲ್ಲ; ನಾನು ಊರಿಗೆ ಹೋಗುವ ಮೊದಲೇ ರಾಶಿ ಹಾಕಿಸಿದ್ದರು. ಬೆಂಕಿ ಪೊಟ್ಟಣ ಈಗ ತಾಯಿಯ ಒಲೆಯ ಪಕ್ಕದಲ್ಲಿದೆ.